4 ಗಂಡು, 3 ಹೆಣ್ಣು: ಬಿಳಿ ಬಾತುಕೋಳಿಯ ಕುತ್ತಿಗೆ ಗಾಯ ಆಗಿದೆ, ಏನು ಮಾಡುವುದು?

ಕಟಪಾಡಿ ಕೆರೆಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು, ಗೊತ್ತಿದ್ದವರು ಹೇಳಿ.

ಕಳೆದ ಡಿಸೆಂಬರಿನಲ್ಲಿ ಬೈಕಿಗೆ ಬುಟ್ಟಿ ಕಟ್ಟಿಕೊಂಡು ಮಾರಲು ಬಂದವರಿಂದ 8 ಬಾತುಕೋಳಿ ಮರಿ ತೆಗೆದುಕೊಂಡಿದ್ದೆ. ಒಂದನ್ನು ಮುಂಗುಸಿ ಕೊಂಡುಹೋಯಿತು. ಉಳಿದ ಏಳರಲ್ಲಿ 4 ಗಂಡು, 3 ಹೆಣ್ಣು. ಮೇ ತಿಂಗಳವರೆಗೂ ಸಾಲು ಹಿಡಿದು ಕೆರೆಗೆ ಹೋಗಿ, ಸಾಲು ಹಿಡಿದೇ ವಾಪಸ್ ಬರುತ್ತಿದ್ದವು. ಮಳೆ ಶುರುವಾದದ್ದೇ ತಡ, ಗಂಡುಗಳಿಗೆ ಎಂತದೋ ಹಿಡಿದ ಹಾಗೆ ಆಗಿದೆ.

ಮೂರು ಹೆಣ್ಣಿನಲ್ಲಿ ಒಂದು ಬಿಳಿ. ಮಗಳು ಅದಕ್ಕೆ ಬೊಳ್ಳಿ ಅಂತ ಹೆಸರಿಟ್ಟಿದ್ದಾಳೆ. ನಾಲ್ಕಕ್ಕೂ ಅದೊಂದೇ ಬೇಕು. ಉಳಿದ ಎರಡು ಹತ್ತಿರ ಇದ್ದರೂ ಅವುಗಳ ಕಡೆ ತಿರುಗಿ ನೋಡುವುದಿಲ್ಲ.

ಮೊನ್ನೆ ಭಾನುವಾರ ಬಟ್ಟೆ ಒಗೆಯುತ್ತಿದ್ದೆ. ಕೆರೆಯಲ್ಲಿ ಗಲಾಟೆ ಕೇಳಿ ನೋಡಿದರೆ ಒಂದು ಗಂಡು ಅದರ ಬೆನ್ನ ಮೇಲೆ, ಇನ್ನೊಂದು ಪಕ್ಕದಿಂದ ಹತ್ತುತ್ತಿದೆ. ಬೊಳ್ಳಿಯ ತಲೆ ಕಾಣುವುದಿಲ್ಲ. ನೀರಿನ ಮೇಲೆ ಬಾಲ ಮಾತ್ರ. ದೋಟಿ ತಂದು ಹೊಡೆದು ಓಡಿಸಿದೆ. ತಲೆ ಮೇಲೆ ಬಂದಾಗ ಮೂಗಿನಿಂದ ನೀರು ಬರುತ್ತಿತ್ತು. ಕುತ್ತಿಗೆಯ ಹಿಂದೆ ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಪುಕ್ಕವೇ ಇಲ್ಲ, ಕೆಂಪು ಮಾಂಸ ಕಾಣುತ್ತದೆ. ಈಗ ಬಚ್ಚಲಿನ ಕಟ್ಟಿಗೆ ರಾಶಿಯ ಸಂದಿಯಲ್ಲಿ ಹೋಗಿ ಕೂತಿದೆ. ಹೊರಗೆ ಬರುವುದೇ ಇಲ್ಲ. ಐದು ದಿನದಿಂದ ಮೊಟ್ಟೆಯೂ ಇಲ್ಲ.

ಅತ್ತೆ ಅರಿಶಿನ, ತೆಂಗಿನೆಣ್ಣೆ ಹಚ್ಚಿದ್ದಾರೆ. ಮನೆಯವರು "ಅದು ಪ್ರಾಣಿಗಳ ಕ್ರಮ, ತನ್ನಿಂದ ತಾನೇ ಸರಿಯಾಗುತ್ತದೆ" ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಬೊಳ್ಳಿಯನ್ನು ಒಂದು ಬುಟ್ಟಿಯ ಕೆಳಗೆ ಬೇರೆ ಇಡಲಾ?

ಕುಂದಾಪ್ರ ಗದ್ದೆಮನೆ

ನಾಲ್ಕು ಗಂಡಾ! ಎಂತ ಮಾರಾಯ್ರೆ, ಇದು ಬಾತುಕೋಳಿಯಾ, ಪಡ್ಡೆ ಹುಡುಗರ ಗುಂಪಾ?

ಮೂಡುಬಿದಿರೆ ತೋಟ

ಪಾಪ. ಬೇರೆ ಇಡಿ ಅಕ್ಕ, ಕೂಡಲೇ. ಒಂದು ತಿಂಗಳು ಮರೆಯಾಗಿದ್ದರೆ ಗಂಡುಗಳಿಗೆ ಮರೆತು ಹೋಗುತ್ತದೆ. ನಮ್ಮಲ್ಲಿಯೂ ಹೀಗೆಯೇ ಮಾಡಿದ್ದು.

ಬ್ರಹ್ಮಾವರ ಬೈಲು

ಅಕ್ಕ, ಗಾಯ ಮಾಗುವವರೆಗೆ ಬೊಳ್ಳಿ ಬೇರೆ ಇರಬೇಕು, ಅದು ಸರಿ. ಆದರೆ ಅದನ್ನೇ ಪರಿಹಾರ ಅಂದುಕೊಳ್ಳಬೇಡಿ. ನಾನು 14 ವರ್ಷದಿಂದ ಬಾತು ಸಾಕುತ್ತಿದ್ದೇನೆ, ಈ ತಪ್ಪು ಮಾಡಿಯೇ ಕಲಿತದ್ದು.

ಬೊಳ್ಳಿಯನ್ನು ತೆಗೆದರೆ ಅಲ್ಲಿ ಉಳಿಯುವುದು 4 ಗಂಡು, 2 ಹೆಣ್ಣು. ಲೆಕ್ಕ ಇನ್ನೂ ಕೆಟ್ಟಿತು, ಅಲ್ವಾ? ಎರಡು ದಿನದೊಳಗೆ ಉಳಿದ ಎರಡರಲ್ಲಿ ಒಂದರ ಕುತ್ತಿಗೆ ಬೋಳಾಗುತ್ತದೆ. ಮತ್ತೆ ಬೊಳ್ಳಿಯನ್ನು ತಿಂಗಳು ಬಿಟ್ಟು ತಂದು ಬಿಟ್ಟರೆ ಮರೆತಿರುವುದು ನಿಜ. ಹೊಸ ಹೆಣ್ಣು ಬಂತು ಅಂತ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತವೆ. ನನಗೆ ಹೀಗೆಯೇ ಒಂದು ಹೆಣ್ಣು ಹೋಯಿತು. ಬಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಕರು ಕಟ್ಟಿ ಬರುವಷ್ಟರಲ್ಲಿ ತೋಡಿನಲ್ಲಿ ತೇಲುತ್ತಿತ್ತು.

ತೆಗೆಯಬೇಕಾದ್ದು ಗಂಡನ್ನು. ಒಂದು ಗಂಡಿಗೆ ಕಡಿಮೆ ಅಂದರೆ 4 ಹೆಣ್ಣು ಬೇಕು, 5-6 ಇದ್ದರೆ ಒಳ್ಳೆಯದು. ನಿಮ್ಮ 3 ಹೆಣ್ಣಿಗೆ ಒಂದು ಗಂಡೇ ಜಾಸ್ತಿ. ನಾಲ್ಕಿದ್ದರೆ ಕೇಳುವುದೇ ಬೇಡ.

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಬುಟ್ಟಿಯಲ್ಲಿ ಬರುವ ಮರಿಯನ್ನು ಯಾರೂ ಗಂಡು ಹೆಣ್ಣು ಬೇರೆ ಮಾಡಿ ಮಾರುವುದಿಲ್ಲ. ಮೊಟ್ಟೆಯೊಳಗೆ ಅರ್ಧಕ್ಕರ್ಧ ಇರುತ್ತದೆ, ಬುಟ್ಟಿಯಲ್ಲೂ ಹಾಗೆಯೇ. ಎಂಟು ತಂದರೆ ನಾಲ್ಕು ಗಂಡು ಬರುವುದೇ ಲೆಕ್ಕ. ಐದಾರು ತಿಂಗಳು ಇದರ ತೊಂದರೆ ಗೊತ್ತಾಗುವುದಿಲ್ಲ, ಪ್ರಾಯಕ್ಕೆ ಬಂದಾಗ ಹೀಗೆ ಹೊರಬೀಳುತ್ತದೆ. ನಿಮ್ಮವು ಈಗ ಸರಿಯಾಗಿ ಆ ಪ್ರಾಯದಲ್ಲಿವೆ. ಒಂದು ವರ್ಷ ದಾಟಿದರೆ ಸ್ವಲ್ಪ ತಣ್ಣಗಾಗುತ್ತವೆ, ಆದರೆ ಅಲ್ಲಿಯವರೆಗೆ ಬೊಳ್ಳಿ ಉಳಿಯಬೇಕಲ್ಲ.

ಇನ್ನೊಂದು, ರಾತ್ರಿ ಗೂಡಿನಲ್ಲಿ ಬಲ್ಬ್ ಉರಿಸುತ್ತೀರಾ? ಹಾಗಾದರೆ ಆರಿಸಿ. ಬೆಳಕು ಜಾಸ್ತಿ ಹೊತ್ತು ಇದ್ದಷ್ಟು ಬಾತಿಗೆ ಬೆದೆ ಜಾಸ್ತಿ. ನಮ್ಮಲ್ಲಿ ಜೂನ್ ತಿಂಗಳ ಹಗಲು ಡಿಸೆಂಬರಿನ ಹಗಲಿಗಿಂತ ಸುಮಾರು ಒಂದೂವರೆ ಗಂಟೆ ಉದ್ದ. ಅದರ ಮೇಲೆ ನಾವು ಬಲ್ಬ್ ಬೇರೆ ಹಾಕಿ ಕೊಟ್ಟರೆ ಮುಗಿಯಿತು.

ಕಟಪಾಡಿ ಕೆರೆಮನೆ

ಬಲ್ಬ್ ಉರಿಯುತ್ತದೆ ಅಣ್ಣ! ಕಬೆಕ್ಕು ಬರುತ್ತದೆ ಅಂತ ರಾತ್ರಿ ಇಡೀ ಹಾಕಿಡುವುದು. ಇವತ್ತೇ ತೆಗೆಸುತ್ತೇನೆ.

ಆದರೆ ಎರಡು ಸಂಶಯ. ನಾಲ್ಕನ್ನೂ ಒಂದೇ ಕಡೆ ಹಾಕಿದರೆ ಅವೇ ಕಚ್ಚಾಡಿ ಸಾಯುವುದಿಲ್ವಾ? ಮತ್ತೆ ಗಂಡು ಇಲ್ಲದೆ ಹೆಣ್ಣು ಮೊಟ್ಟೆ ಇಡುತ್ತದಾ?

ಸುರತ್ಕಲ್ ಟೆರೇಸ್

ಎರಡನೆಯದಕ್ಕೆ ನಾನು ಹೇಳುತ್ತೇನೆ. ನನ್ನ ಹತ್ತಿರ ಎರಡೇ ಬಾತು, ಎರಡೂ ಹೆಣ್ಣು, ಟೆರೇಸಿನ ಮೇಲೆ. ಗಂಡಿನ ಮುಖವನ್ನೇ ಅವು ನೋಡಿಲ್ಲ. ಮೊಟ್ಟೆ ಬರುತ್ತಲೇ ಇರುತ್ತದೆ, ಪಕ್ಕದ ಫ್ಲಾಟಿನವರಿಗೆ ಕೊಡುವಷ್ಟು. ಮರಿ ಬೇಕಾದರೆ ಮಾತ್ರ ಗಂಡು ಬೇಕು. ತಿನ್ನುವ ಮೊಟ್ಟೆಗೆ ಗಂಡು ಸುಮ್ನೆ ತೌಡು ದಂಡ.

ಬ್ರಹ್ಮಾವರ ಬೈಲು

ಅದೇ. ಮೊದಲನೆಯದು: ಕಣ್ಣೆದುರು ಹೆಣ್ಣು ಇಲ್ಲದಿದ್ದರೆ ಗಂಡುಗಳು ಆರಾಮಾಗಿ ಒಟ್ಟಿಗೆ ಇರುತ್ತವೆ. ಹುಂಜಗಳ ಹಾಗೆ ಅಲ್ಲ. ಎರಡು ಹುಂಜ ಒಂದು ಗೂಡಿನಲ್ಲಿ ಅಂದರೆ ಕೋಳಿ ಅಂಕವೇ. ಬಾತಿನ ಗಂಡುಗಳು ಎರಡು ದಿನ ಒಂದರ ಎದೆಗೆ ಒಂದು ಗುದ್ದಿ, ಯಾರು ದೊಡ್ಡವನು ಅಂತ ತೀರ್ಮಾನ ಮಾಡಿಕೊಂಡು ಆಮೇಲೆ ಒಟ್ಟಿಗೆ ಮಲಗುತ್ತವೆ. ಜಗಳದ ಮೂಲ ಹೆಣ್ಣು ಕಾಣುವುದು.

ಬಜ್ಪೆ ಕೋಳಿಗೂಡು

ಒಂದು ಐಡಿಯಾ. ನಾಲ್ಕನ್ನೂ ಕೋಳಿಗಳ ಜೊತೆ ಬಿಟ್ಟರೆ ಹೇಗೆ? ನಮ್ಮಲ್ಲಿ 20 ನಾಟಿ ಕೋಳಿ ಉಂಟು, ಒಂದು ಬಾತು ಗಂಡನ್ನೂ ಅದರ ಜೊತೆಗೇ ಬಿಟ್ಟಿದ್ದೇನೆ. ಏನೂ ತೊಂದರೆ ಇಲ್ಲ.

ಕಾರ್ಕಳ ಪಶುವೈದ್ಯ

ತೊಂದರೆ ಇನ್ನೂ ಆಗಿಲ್ಲ ಅಂತ ಹೇಳಿ. ದಯವಿಟ್ಟು ಹಾಗೆ ಮಾಡಬೇಡಿ. ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾರೂ ಮುಜುಗರ ಪಡಬೇಡಿ.

ಹುಂಜಕ್ಕೆ ಶಿಶ್ನ ಅನ್ನುವಂಥದ್ದು ಇಲ್ಲ. ಕೋಳಿಗಳಲ್ಲಿ ಹಿಂಬದಿಯ ದ್ವಾರ ದ್ವಾರಕ್ಕೆ ತಾಗಿದರೆ ಕೆಲಸ ಮುಗಿಯಿತು. ಹೆಚ್ಚಿನ ಹಕ್ಕಿಗಳು ಹಾಗೆಯೇ. ಬಾತುಕೋಳಿ ಬೇರೆ. ಗಂಡು ಬಾತಿಗೆ ಉದ್ದನೆಯ, ಸುರುಳಿ ಸುತ್ತಿದ ಅಂಗ ಇದೆ. ಹೆಣ್ಣು ಬಾತಿನ ಒಳಭಾಗ ಅದಕ್ಕೆ ತಕ್ಕ ಹಾಗೆ, ವಿರುದ್ಧ ದಿಕ್ಕಿನ ಸುರುಳಿಯಾಗಿ ಬೆಳೆದಿರುತ್ತದೆ. ಬೇಡದ ಗಂಡನ್ನು ತಡೆಯಲಿಕ್ಕೇ ಪ್ರಕೃತಿ ಮಾಡಿಕೊಟ್ಟ ತಿರುವು ಅದು. ಹೇಟೆಗೆ ಅಂಥ ರಚನೆ ಇಲ್ಲ. ಗಂಡು ಬಾತು ಹೇಟೆಯ ಮೇಲೆ ಹತ್ತಿದರೆ ಒಳಗೆ ಹರಿದು ಗಾಯ ಆಗಬಹುದು. ಹೊರಗೆ ಏನೂ ಕಾಣುವುದಿಲ್ಲ. ಎರಡು ದಿನ ಮಂಕಾಗಿ ಕೂತು ಸಾಯಲೂಬಹುದು, ನಾವು ರೋಗ ಬಂತು ಅಂದುಕೊಳ್ಳುತ್ತೇವೆ.

ಕಟಪಾಡಿಯವರೇ, ಈಗ ನಿಮ್ಮ ಬೊಳ್ಳಿಯ ವಿಷಯ. ಎಣ್ಣೆ ನಿಲ್ಲಿಸಿ. ಅತ್ತೆಯವರಿಗೆ ನಾನು ಹೇಳಿದೆ ಅನ್ನಿ. ಎಣ್ಣೆ ಸುತ್ತಲಿನ ಪುಕ್ಕಕ್ಕೆ ಹರಡಿದರೆ ಪುಕ್ಕ ನೀರು ತಡೆಯುವುದಿಲ್ಲ, ಈ ಮಳೆಯಲ್ಲಿ ಒದ್ದೆಯಾಗಿ ನಡುಗುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸುಮಾರು 9 ಗ್ರಾಂ ಉಪ್ಪು, ಅಂದರೆ ಒಂದೂವರೆ ಟೀ ಚಮಚ. ಅದರಲ್ಲಿ ಗಾಯ ಚೆನ್ನಾಗಿ ತೊಳೆಯಿರಿ. ಆಮೇಲೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಕಣ್ಣಚಾಯದ (ಹಾಲು ಹಾಕದ ಚಹಾದ) ಬಣ್ಣ ಬರುವಷ್ಟು ನೀರು ಮಾಡಿ ಹತ್ತಿಯಲ್ಲಿ ಒತ್ತಿ. ದಿನಕ್ಕೆ ಎರಡು ಸಲ.

ಈ ಹೊತ್ತಿನಲ್ಲಿ ಗಾಯಕ್ಕಿಂತ ನೊಣದ ಹೆದರಿಕೆ ದೊಡ್ಡದು. ಮಳೆಗಾಲದಲ್ಲಿ ತೆರೆದ ಗಾಯಕ್ಕೆ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳ. ಪುಕ್ಕದ ಬುಡದಲ್ಲಿ ಅಕ್ಕಿ ನುಚ್ಚಿನ ಹಾಗೆ ಬಿಳಿ ಅಂಟಿಕೊಂಡಿದ್ದರೆ ಅದೇ ನೊಣದ ಮೊಟ್ಟೆ. ಪ್ರತಿ ಸಲ ತೊಳೆಯುವಾಗ ಪುಕ್ಕ ಬಿಡಿಸಿ ನೋಡಿ. ಬಚ್ಚಲಿನ ಸಂದಿಯಿಂದ ತೆಗೆದು ಒಣಗಿದ ಜಾಗದಲ್ಲಿ, ಸೊಳ್ಳೆಪರದೆ ಮುಚ್ಚಿ ಇಡಿ.

ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಮರಗಟ್ಟಿಸುವ ಮುಲಾಮೂ ಬೇಡ, ಹಕ್ಕಿಗಳಿಗೆ ಅದು ವಿಷವಾಗಬಹುದು. ಮೂಗಿನಿಂದ ನೀರು ಬಂತು ಅಂದಿರಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಉಸಿರಿನ ಜೊತೆ ಗೊರಗೊರ ಶಬ್ದ ಇದ್ದರೆ, ಹುಳ ಕಂಡರೆ, ಕಾಲು ಊರದಿದ್ದರೆ ಕಾಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ, ಅಥವಾ 1962ಕ್ಕೆ ಫೋನ್ ಮಾಡಿ. ಕಣ್ಣನ್ನೂ ಒಮ್ಮೆ ನೋಡಿ. ಕುತ್ತಿಗೆ ಕಚ್ಚುವಾಗ ಎಷ್ಟೋ ಸಲ ರೆಪ್ಪೆಗೆ ತಾಗಿರುತ್ತದೆ. ಕುಡಿಯುವ ನೀರು ತಲೆ ಮುಳುಗಿಸುವಷ್ಟು ಆಳದ ಪಾತ್ರೆಯಲ್ಲಿರಲಿ. ಬಾತು ಕಣ್ಣು, ಮೂಗು ತೊಳೆದುಕೊಳ್ಳುವುದೇ ಹಾಗೆ.

ಬಜ್ಪೆ ಕೋಳಿಗೂಡು

ಅಯ್ಯೋ ಡಾಕ್ಟ್ರೇ. ಮಾರ್ಚ್‌ನಲ್ಲಿ ಎರಡು ಹೇಟೆ ಸುಮ್ನೆ ಸುಮ್ನೆ ಸತ್ತದ್ದು ಉಂಟು. ಕೊಕ್ಕರೆ ರೋಗ ಅಂತ ಸುಣ್ಣ ಹಾಕಿ ಗೂಡು ತೊಳೆದೆವು. ಈಗಲೇ ಹೋಗಿ ಬಾತನ್ನು ಬೇರೆ ಕಟ್ಟುತ್ತೇನೆ.

ಕಿನ್ನಿಗೋಳಿ ಅಡಿಗೆಮನೆ

ಯಾರೂ ಹೇಳದ್ದನ್ನು ನಾನು ಹೇಳುತ್ತೇನೆ, ಬೈಯಬೇಡಿ. ನಮ್ಮ ಮನೆಯಲ್ಲಿ ಹೆಚ್ಚಾದ ಗಂಡು ಹಬ್ಬಕ್ಕೆ. ಅಮ್ಮ ಮಾಡುವ ಬಾತುಕೋಳಿ ಮೊಯ್ಲಿ ತಿಂದವರು ಇದನ್ನು ಪರಿಹಾರ ಅಲ್ಲ ಅನ್ನುವುದಿಲ್ಲ. ನಮ್ಮ ಗುಂಪಿನಲ್ಲಿ ಯಾವತ್ತೂ ಒಂದು ಗಂಡು, ಆರು ಹೆಣ್ಣು. ಕುತ್ತಿಗೆ ಬೋಳಾದದ್ದು ನಾನು ನೋಡಿಯೇ ಇಲ್ಲ.

ಸುರತ್ಕಲ್ ಟೆರೇಸ್

ಹೆಸರಿಟ್ಟ ಬಾತನ್ನು ಯಾರು ಕೊಯ್ಯುತ್ತಾರೆ ಮಾರಾಯ್ರೆ!

ಕಟಪಾಡಿ ಕೆರೆಮನೆ

ಗಂಡುಗಳಿಗೂ ಮಗಳು ಹೆಸರಿಟ್ಟಿದ್ದಾಳೆ 🙂 ನಮ್ಮದು ಮೊಟ್ಟೆ ತಿನ್ನುವವರೆಗೆ ಮಾತ್ರ, ಮಾಂಸ ಇಲ್ಲ. ಕೊಡುವುದಾದರೆ ಸಾಕುವವರಿಗೇ ಕೊಡುತ್ತೇನೆ.

ಮಲ್ಪೆ ಬಲೆ

ಗಂಡುಗಳಿಗೆ ಬೇಲಿ ಬೇಕಾದರೆ ಖರ್ಚು ಮಾಡಬೇಡಿ. ನಮ್ಮ ಕಡೆ ಹರಿದ ಮೀನುಬಲೆ ಎಷ್ಟು ಬೇಕಾದರೂ ಸಿಗುತ್ತದೆ. ಅಡಿಕೆ ಸಲಾಕೆ ನೆಟ್ಟು ಮೂರಡಿ ಎತ್ತರಕ್ಕೆ ಸುತ್ತಿದರೆ ಆಯಿತು. ಸಾಮಾನ್ಯ ಬಾತು ಅದನ್ನು ಹಾರುವುದಿಲ್ಲ.

ಮತ್ತೆ ನನ್ನ ಹೆಂಡತಿ ಒಂದು ಕೆಲಸ ಮಾಡಿದ್ದಳು, ಹೇಳಿದರೆ ನಗುತ್ತೀರಿ. ಹಳೇ ಕೊಡೆಯ ಬಟ್ಟೆ ಕತ್ತರಿಸಿ ಬಾತಿಗೆ ಅಂಗಿ ಹೊಲಿದಳು. ಬೆನ್ನು ಮುಚ್ಚುವಷ್ಟು ಒಂದು ತುಂಡು, ಎರಡೂ ರೆಕ್ಕೆಯ ಬುಡಕ್ಕೆ ಎಲಾಸ್ಟಿಕ್. ಗಂಡಿನ ಉಗುರು ಬೆನ್ನಿಗೆ ತಾಗುವುದಿಲ್ಲ. ಕೊಡೆ ಬಟ್ಟೆ ಆದ್ದರಿಂದ ಬೇಗ ಒಣಗುತ್ತದೆ. ಕಪ್ಪು ಅಂಗಿ ಹಾಕಿಕೊಂಡು ವಕೀಲರ ಹಾಗೆ ತಿರುಗುತ್ತಿತ್ತು.

ಕಾರ್ಕಳ ಪಶುವೈದ್ಯ

ಅಂಗಿ ಒಳ್ಳೆಯದೇ, ಬೆನ್ನಿನ ಗಾಯಕ್ಕೆ. ಬೊಳ್ಳಿಯ ಗಾಯ ಕುತ್ತಿಗೆಯಲ್ಲಿ, ಅದಕ್ಕೆ ಉಪಯೋಗವಿಲ್ಲ. ಹಾಕಿದರೂ ದಿನಾ ಸಂಜೆ ಬಿಚ್ಚಿ. ಒದ್ದೆ ಬಟ್ಟೆಯ ಕೆಳಗೆ ಚರ್ಮ ಕೊಳೆಯುತ್ತದೆ, ಎಲಾಸ್ಟಿಕ್ ರೆಕ್ಕೆಯ ಬುಡ ಕೊರೆಯುತ್ತದೆ. ಅಂಗಿ ಹಾಕಿ 4 ಗಂಡುಗಳ ನಡುವೆ ಬಿಟ್ಟರೆ ಮುಳುಗುವ ಅಪಾಯ ಹಾಗೆಯೇ ಉಳಿಯಿತು.

ಮೂಡುಬಿದಿರೆ ತೋಟ

ಮೀನುಬಲೆಯ ಬಗ್ಗೆ ಒಂದು ಎಚ್ಚರ. ಸಡಿಲ ಬಿಟ್ಟರೆ ಬಾತಿನ ಕಾಲು, ತಲೆ ಸಿಕ್ಕಿಕೊಳ್ಳುತ್ತದೆ. ನಮ್ಮಲ್ಲಿ ಒಂದು ಕೇರೆಹಾವು ಸಿಕ್ಕಿ ಬಿಡಿಸಲು ಅರ್ಧ ದಿನ ಹೋಯಿತು. ಬಿಗಿಯಾಗಿ ಎಳೆದು ಬುಡಕ್ಕೆ ಕಲ್ಲು ಇಡಿ. ಮತ್ತೆ ಅದು ಹಗಲಿಗೆ ಮಾತ್ರ. ನಾಯಿ, ಕಬೆಕ್ಕು ಬಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾತ್ರಿ ಎರಡೂ ಗುಂಪಿಗೆ ಬೇರೆ ಬೇರೆ ಗಟ್ಟಿ ಗೂಡು ಬೇಕು.

ಬ್ರಹ್ಮಾವರದ ಅಣ್ಣ ಹೇಳಿದ್ದು ಓದಿ ನನ್ನ ಮೊದಲ ಮಾತು ವಾಪಸ್ ತೆಗೆದುಕೊಂಡೆ. ನಮ್ಮಲ್ಲಿ ಒಂದೇ ಗಂಡು ಇದ್ದದ್ದು, ಅದಕ್ಕೇ ಆವತ್ತು ಸರಿಹೋಗಿದ್ದಿರಬೇಕು.

ಗುರುಪುರ ನದಿಬದಿ

ನಮ್ಮಲ್ಲಿರುವುದು ಕೆಂಪು ಮುಖದ ದೊಡ್ಡ ಜಾತಿ, ಮಸ್ಕೋವಿ. ಅದಕ್ಕೂ ಇದೇ ಲೆಕ್ಕವಾ?

ಬ್ರಹ್ಮಾವರ ಬೈಲು

ಇನ್ನೂ ಬಿಗಿ ಲೆಕ್ಕ. ಅದರಲ್ಲಿ ಗಂಡು ಹೆಣ್ಣಿನ ಎರಡರಷ್ಟು ತೂಕ ಇರುತ್ತದೆ. ನಿಮ್ಮ ಗಂಡು 5 ಕಿಲೋ ಇದ್ದರೆ ಹೆಣ್ಣು ಎರಡೂವರೆ. ಸಾಮಾನ್ಯ ಬಾತಿನ ಜೊತೆ ಅದನ್ನು ಬಿಡಲೇಬೇಡಿ. ಭಾರಕ್ಕೇ ಬೆನ್ನು, ಕಾಲು ಹೋಗುತ್ತದೆ. ಮರಿಯಾದರೂ ಅವು ಬಂಜೆ. ಮತ್ತೆ ಮಸ್ಕೋವಿ ಹಾರುತ್ತದೆ, ಮೂರಡಿ ಬೇಲಿ ಅದಕ್ಕೆ ಮೆಟ್ಟಿಲು.

ಕಟಪಾಡಿ ಕೆರೆಮನೆ

ನಾಲ್ಕು ದಿನದ ವರದಿ. ಬೊಳ್ಳಿಯ ಜೊತೆ ಇನ್ನೊಂದು ಹೆಣ್ಣನ್ನೂ ಕೊಟ್ಟಿಗೆಯ ಮೂಲೆಯಲ್ಲಿ ಸೊಳ್ಳೆಪರದೆ ಒಳಗೆ ಹಾಕಿದೆ, ಒಂಟಿಯಾಗಿ ಕೂಗುತ್ತಿತ್ತು ಅಂತ. ಗಾಯ ಒಣಗಿ ಹಕ್ಕಳೆ ಕಟ್ಟಿದೆ. ಹುಳ ಇಲ್ಲ. ಬೂತಾಯಿ ಮೀನಿನ ತಲೆ, ಕುಚ್ಚಲಕ್ಕಿ ಅನ್ನ, ತೌಡು ಕಲಸಿ ಕೊಟ್ಟರೆ ಪಾತ್ರೆ ನೆಕ್ಕಿ ಇಡುತ್ತದೆ.

ಗಂಡುಗಳಿಗೆ ಬಾವಿಯ ಪಕ್ಕ ಬಲೆ ಕಟ್ಟಿದೆವು. ಆದರೆ ಅವು ಸುಮ್ಮನಿಲ್ಲ. ಇಡೀ ದಿನ ಬಲೆಗೆ ಎದೆ ಕೊಟ್ಟು ಆಚೆ ಈಚೆ ಓಡುತ್ತವೆ. ನೆಲ ಎಲ್ಲ ಕೆಸರು. ನಿನ್ನೆ ಎರಡು ಗಂಡು ಸೇರಿ ಮೂರನೆಯದರ ಮೇಲೇ ಹತ್ತಿದವು.

ಬ್ರಹ್ಮಾವರ ಬೈಲು

ಅಲ್ಲಿಂದ ಕೆರೆ ಕಾಣುತ್ತದಾ ಅಕ್ಕ? ಹಾಗಾದರೆ ಹೆಣ್ಣೂ ಕಾಣುತ್ತದೆ. ಬಲೆಗೆ ಸೋಗೆ ತಟ್ಟಿ ಕಟ್ಟಿಬಿಡಿ, ಬಾತು ನಿಂತಾಗ ತಲೆ ಮುಚ್ಚುವಷ್ಟು ಎತ್ತರಕ್ಕೆ. ಸಾಧ್ಯವಾದರೆ ಅವುಗಳನ್ನು ಮನೆಯ ಆಚೆ ಬದಿಗೆ ಬದಲಾಯಿಸಿ. ಮೇಲೆ ಹತ್ತಿಸಿಕೊಂಡದ್ದು ಚಿಕ್ಕದಾ? ಎರಡು ದಿನ ನೋಡಿ, ನಿಲ್ಲದಿದ್ದರೆ ಅದನ್ನೂ ತೆಗೆಯಿರಿ.

ಒಂದು ಗಂಡನ್ನು ಇಟ್ಟುಕೊಳ್ಳುವ ಮನಸ್ಸಿದ್ದರೆ ಯಾವುದು ಅಂತ ಈಗಲೇ ನೋಡಿಟ್ಟುಕೊಳ್ಳಿ. ಹೆಣ್ಣಿನ ಎದುರು ನಿಂತು ತಲೆಯನ್ನು ಮೇಲೆ ಕೆಳಗೆ ಆಡಿಸಿ ಕೇಳುವ ಗಂಡು ಒಂದು ತರ. ಹೆಣ್ಣಿಗೆ ಒಪ್ಪಿಗೆ ಇದ್ದರೆ ಅದೂ ತಲೆ ಆಡಿಸಿ, ನೀರಿನಲ್ಲಿ ಹಲಗೆಯ ಹಾಗೆ ಚಪ್ಪಟೆಯಾಗುತ್ತದೆ. ಕುತ್ತಿಗೆ ನೆಲಕ್ಕೆ ಚಾಚಿ, ಹಾವಿನ ಹಾಗೆ ಹಿಂದಿನಿಂದ ಓಡಿ ಬರುವುದು ಇನ್ನೊಂದು ತರ. ಮೊದಲನೆಯದನ್ನು ಇಟ್ಟುಕೊಳ್ಳಿ. ಚಂದ, ಬಣ್ಣ ನೋಡಿ ಇಟ್ಟುಕೊಂಡರೆ ಮತ್ತೆ ಇಲ್ಲಿಗೇ ಬಂದು ಬರೆಯಬೇಕಾಗುತ್ತದೆ.

ಕಟಪಾಡಿ ಕೆರೆಮನೆ

ಆಟಿ ತಿಂಗಳು ಅರ್ಧ ಆಯಿತು, ಇಲ್ಲಿಗೆ ಬರಲು ಪುರುಸೊತ್ತೇ ಆಗಲಿಲ್ಲ. ಕೇಳಿದವರಿಗೆಲ್ಲ ಸುದ್ದಿ ಹೇಳುತ್ತೇನೆ.

ತಟ್ಟಿ ಕಟ್ಟಿದ ಮರುದಿನದಿಂದ ಗಂಡುಗಳು ಬೇರೆಯೇ ಪ್ರಾಣಿಗಳ ಹಾಗೆ ಆದವು. ಎರಡನ್ನು ಶಂಕರಪುರದ ಒಬ್ಬರು ತೆಗೆದುಕೊಂಡು ಹೋದರು. ಅವರಲ್ಲಿ 12 ಹೆಣ್ಣು, ಗಂಡು ಒಂದೇ ಇತ್ತಂತೆ. ಮಗಳು ಒಂದು ಹೊತ್ತು ಊಟ ಬಿಟ್ಟಳು, ಆಮೇಲೆ ಸರಿಯಾದಳು. ಉಳಿದ ಎರಡು ಮನೆಯ ಮುಂದೆ, ಹಳೇ ಸಿಮೆಂಟ್ ತೊಟ್ಟಿಯಲ್ಲಿ ಈಜಿಕೊಂಡು ಇವೆ. ಅದರಲ್ಲಿ ತಲೆ ಆಡಿಸುವವನು ಒಬ್ಬ ಇದ್ದಾನೆ ಅಣ್ಣ, ನೀವು ಹೇಳಿದ ಹಾಗೆಯೇ.

ಬೊಳ್ಳಿಯ ಕುತ್ತಿಗೆಯಲ್ಲಿ ಪೊರಕೆ ಕಡ್ಡಿಯ ತುದಿಯ ಹಾಗೆ ಹೊಸ ಪುಕ್ಕ ಬರುತ್ತಿದೆ. ನಡುವೆ ನಡುವೆ ಕೆಲವು ಕಡೆ ಬರಲೇ ಇಲ್ಲ. ಮೊನ್ನೆಯಿಂದ ಮೊಟ್ಟೆಯೂ ಶುರುವಾಗಿದೆ, ಆದರೆ ಚಿಪ್ಪು ತುಂಬಾ ತೆಳು, ಕೈಯಲ್ಲಿ ಹಿಡಿದರೆ ಒಡೆಯುತ್ತದೆ.

ಕಾರ್ಕಳ ಪಶುವೈದ್ಯ

ಬುಡಸಮೇತ ಕಿತ್ತುಬಂದ ಪುಕ್ಕ ಕೂಡಲೇ ಹೊಸದಾಗಿ ಹುಟ್ಟುತ್ತದೆ. ನಡುವೆ ಮುರಿದದ್ದರ ಬುಡ ಚರ್ಮದೊಳಗೇ ಇರುತ್ತದೆ, ಅದು ಮುಂದಿನ ಪುಕ್ಕ ಉದುರುವ ಕಾಲಕ್ಕೇ ಬದಲಾಗುವುದು. ಗಾಬರಿ ಬೇಡ. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ತೊಳೆದು, ಒಣಗಿಸಿ, ಒರಳಿನಲ್ಲಿ ಜಜ್ಜಿ ಬೇರೆ ತಟ್ಟೆಯಲ್ಲಿ ಇಡಿ. ಅನ್ನಕ್ಕೆ ಬೆರೆಸಬೇಡಿ, ಬೇಕಾದಷ್ಟು ಅವೇ ತಿನ್ನುತ್ತವೆ. ಮರುವಾಯಿ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಸಾರು ಮಾಡಿದ ದಿನ ಕೇಳಿ.

ಬ್ರಹ್ಮಾವರ ಬೈಲು

ತಲೆ ಆಡಿಸುವವನನ್ನು ಈಗಲೇ ಬಿಡಬೇಡಿ ಅಕ್ಕ. ಬೊಳ್ಳಿಯ ಪುಕ್ಕ ಪೂರ್ತಿ ಬರಲಿ. ಅಷ್ಟರಲ್ಲಿ ಇನ್ನೂ ಎರಡು ಮೂರು ಹೆಣ್ಣು ತೆಗೆದುಕೊಳ್ಳಿ. ಆಮೇಲೆ ನೀವು ಅಂಗಳದಲ್ಲಿ ಇರುವಾಗ ಸಂಜೆ ಒಂದು ಗಂಟೆ ಬಿಟ್ಟು ನೋಡಿ. ಮೊದಲ ವಾರ ಕೆರೆ ಬೇಡ, ನೆಲದಲ್ಲೇ. ನನ್ನ ಹತ್ತಿರ ಹೆಸರಘಟ್ಟದ ಸರ್ಕಾರಿ ಫಾರ್ಮಿನಿಂದ ತಂದ ಖಾಕಿ ಕ್ಯಾಂಪ್‌ಬೆಲ್ ತಳಿಯವು ಇವೆ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 250-300 ಮೊಟ್ಟೆ ಇಡುವ ಜಾತಿ. ಮುಂದಿನ ತಿಂಗಳು ಮರಿ ಹೊರಡುತ್ತದೆ, ಬೇಕಾದರೆ ಹೇಳಿ.

ಕಟಪಾಡಿ ಕೆರೆಮನೆ

ಮರಿ ಬೇಡವೇ ಬೇಡ ಅಣ್ಣ! ದೊಡ್ಡದೇ ಕೊಡಿ, ಮೂರು. ಈ ಸಲ ಬಾಲ ನೋಡಿಯೇ ತೆಗೆದುಕೊಳ್ಳುವುದು. ಗಂಡಿಗೆ ಬಾಲದ ಮೇಲೆ ಸುರುಳಿ ಪುಕ್ಕ ಇರುತ್ತದಲ್ಲ?

ಬ್ರಹ್ಮಾವರ ಬೈಲು

ಪುಕ್ಕ ಉದುರುವ ಕಾಲದಲ್ಲಿ ಆ ಸುರುಳಿಯೂ ಬಿದ್ದು ಹೋಗುತ್ತದೆ, ಅದನ್ನು ನಂಬಬೇಡಿ. ಎತ್ತಿ ಹಿಡಿದು ಕೂಗಿಸಿ. ಹೆಣ್ಣಾದರೆ ಊರಿಗೇ ಕೇಳುವ ಹಾಗೆ ಕ್ವಾಕ್ ಅನ್ನುತ್ತದೆ. ಗಂಡಿಗೆ ಶೀತ ಆದವರ ಗಂಟಲು. ಶನಿವಾರ ಬನ್ನಿ, ಮಗಳನ್ನೂ ಕರೆದುಕೊಂಡು ಬನ್ನಿ, ಅವಳೇ ಕೂಗಿಸಿ ಆರಿಸಲಿ.